ತೀರಿಹೋದವಳ ಧಾಟಿ

"ಈ ಚೀಟಿ ಮುಟ್ಟಿದ್ದು ಯಾರು?"

ಆ ದನಿಗೆ ಬೆಚ್ಚಿ ಅವಳ ಕೈಯಲ್ಲಿದ್ದ ಪೆನ್ನು ಜಾರಿ ಬಿತ್ತು. ನಿಘಂಟು ಕಚೇರಿಗೆ ಕೆಲಸಕ್ಕೆ ಸೇರಿ ಇನ್ನೂ ಎರಡು ಗಂಟೆಯೂ ಆಗಿರಲಿಲ್ಲ. ಎದುರಿಗೆ ಸಂಪಾದಕ ನಿಂತಿದ್ದ. ಇಸ್ತ್ರಿ ಕಾಣದ ಅಂಗಿ, ನಿದ್ದೆ ಕಾಣದ ಕಣ್ಣು.

"ನಾನೇ ಸಾರ್... ಅರ್ಥ ಬರೆದಿರಲಿಲ್ಲ, ಖಾಲಿ ಇತ್ತು. ಅದಕ್ಕೇ..."

"ಖಾಲಿ ಇದ್ದದ್ದನ್ನೆಲ್ಲ ತುಂಬೋಕೆ ನಿಮಗೆ ಹೇಳಿದ್ದು ಯಾರು?"

ಚೀಟಿ ಕಿತ್ತುಕೊಂಡು ಹೋದವನ ಹಿಂದೆ ಬಾಗಿಲು ದಡಾರನೆ ಮುಚ್ಚಿತು. ಅವಳಿಗೆ ಅಳು ಉಕ್ಕಿ ಬಂತು. ಎಂಥಾ ಮನುಷ್ಯನಪ್ಪಾ ಇವನು!

ಇಂಗ್ಲಿಷ್ ಪದಗಳಿಗೆ ನಮ್ಮ ಭಾಷೆಯಲ್ಲಿ ಅರ್ಥ ಹೇಳುವ ನಿಘಂಟು ಅದು. ಪದಕ್ಕೊಂದು ಚೀಟಿ. ಮೇಲೆ ಪದ, ಕೆಳಗೆ ಅರ್ಥ, ಅದರ ಕೆಳಗೊಂದು ಉದಾಹರಣೆ. ಅವಳು ಮುಟ್ಟಬಾರದಿದ್ದ ಚೀಟಿಯಲ್ಲಿದ್ದ ಪದ 'ಎಕ್ಸಾನಿಮೇಟ್'. ಯಾರೂ ಬಳಸದ ಅಪರೂಪದ ಪದ. 'ನಿರ್ಜೀವ' ಎಂದು ಅರ್ಥ ಬರೆದು, 'ಮೇಜು, ಕುರ್ಚಿ, ಕಲ್ಲು' ಎಂದು ಉದಾಹರಣೆ ಕೊಟ್ಟಿದ್ದಳು ಪಾಪ.

"ನೀನು ಕೂತಿರೋ ಕುರ್ಚಿ ಅವನ ಹೆಂಡತೀದು ಕಣಮ್ಮ," ಎಂದರು ಮೂಲೆಯಲ್ಲಿ ಕರಡು ತಿದ್ದುತ್ತಿದ್ದ ಮುದುಕರು. ಕಚೇರಿಗೆಲ್ಲ ಅವರು ಪ್ರೂಫಜ್ಜ. "ಇಂಗ್ಲಿಷಿನ 'ಇ' ಅಕ್ಷರದ ಪದಗಳನ್ನೆಲ್ಲ ಅವಳೇ ಬರೀತಿದ್ಲು. ಆ ಪದ ಬರೆದಿಟ್ಟು ಊಟಕ್ಕೆ ಎದ್ದವಳು ಮತ್ತೆ ಬರಲಿಲ್ಲ. ಮೆಟ್ಟಿಲ ಮೇಲೇ ಹೃದಯ ನಿಂತುಹೋಯ್ತು. ಎರಡು ವರ್ಷ ಆಯ್ತು ನೋಡು."

ಅವಳ ಬೆನ್ನಿಗೆ ಕುರ್ಚಿ ತಣ್ಣಗೆ ತಾಗಿತು.

ಮರುದಿನ ಚೀಟಿ ಅವಳ ಮೇಜಿಗೆ ವಾಪಸ್ ಬಂದಿತ್ತು. ಹಿಂದೆಯೇ ಅವನೂ ಬಂದ.

"ನಿನ್ನೆ ಕೂಗಾಡಿದ್ದು ತಪ್ಪು. ಅರ್ಥ ಸರಿಯಾಗಿದೆ, ಉದಾಹರಣೆ ಸರಿಯಿಲ್ಲ. ಮೇಜಿಗೆ ಯಾವತ್ತೂ ಜೀವ ಇರಲಿಲ್ಲ. ಇದು ಜೀವ ಇದ್ದು ಹೋದದ್ದಕ್ಕೆ ಹೇಳೋ ಪದ. ಉದಾಹರಣೆ ನಾನೇ ಬರೆದಿದ್ದೀನಿ."

'ಅವಳು ಎದ್ದುಹೋದ ಮೇಲೆ ಈ ಕೋಣೆ' ಎಂದು ಬರೆದಿದ್ದ.

ಅವಳು ಅದನ್ನು ಓದಿದಳು. ಮತ್ತೆ ಓದಿದಳು. ಇಷ್ಟು ಪ್ರೀತಿಸೋ ಗಂಡಸೂ ಇರ್ತಾನಾ... ಅಲ್ಲಿಗೆ ಅವಳ ಕಥೆ ಮುಗಿಯಿತೆನ್ನಿ. ಇನ್ನೊಬ್ಬಳನ್ನು ನೆನೆದು ಬರೆದ ಸಾಲಿಗೆ ಹುಡುಗಿ ಮನಸೋತಿದ್ದಳು!

ಆ ಕಚೇರಿಗೊಂದು ಕಟ್ಟುನಿಟ್ಟಿನ ನಿಯಮವಿತ್ತು. ಒಂದು ಅಕ್ಷರವನ್ನು ಯಾರು ಶುರು ಮಾಡಿದರೋ ಅವರ ಧಾಟಿಯಲ್ಲೇ ಅದು ಮುಗಿಯಬೇಕು. ನಡುವೆ ಕೈ ಬದಲಾದದ್ದು ಓದುವವರಿಗೆ ಗೊತ್ತಾಗಬಾರದು. ಅಂದರೆ ಅವಳು ತೀರಿಹೋದವಳ ಹಾಗೆಯೇ ಬರೆಯಬೇಕು.

ಸತ್ತವಳ ಸಾವಿರಾರು ಚೀಟಿಗಳನ್ನು ಅವಳು ಓದಿದಳು. 'ಬಾಗಿಲು ಮುಚ್ಚಿದೆ.' 'ಯಾರೂ ಬರಲಿಲ್ಲ.' ಉದಾಹರಣೆಗಳೆಲ್ಲ ಇಷ್ಟಿಷ್ಟೇ ಉದ್ದ. ಮಧ್ಯಾಹ್ನ ಕೋಣೆಯಲ್ಲಿ ಯಾರೂ ಇಲ್ಲದಾಗ ಭುಜದ ಹಿಂದೆ ಯಾರೋ ಬಾಗಿ ನೋಡಿದಂತಾಗುತ್ತಿತ್ತು. ತಿರುಗಿದರೆ ಗೋಡೆ ಮಾತ್ರ ಇರುತ್ತಿತ್ತು.

ಒಮ್ಮೊಮ್ಮೆ ಅವಳ ಕೈ ತಪ್ಪಿ ತನ್ನದೇ ಧಾಟಿ ಬಂದುಬಿಡುತ್ತಿತ್ತು. 'ಪ್ರಯೋಗ' ಎಂಬ ಅರ್ಥದ ಪದಕ್ಕೆ, 'ಅಕ್ಕನ ಅಡುಗೆ ಪ್ರಯೋಗವನ್ನು ಮೊದಲು ಭಾವನ ಮೇಲೆ ಮಾಡಲಾಯಿತು; ಭಾವ ಇನ್ನೂ ಚೇತರಿಸಿಕೊಳ್ಳುತ್ತಿದ್ದಾರೆ' ಎಂದು ಬರೆದಳು. ಸಂಪಾದಕ ಅಂಥದ್ದಕ್ಕೆಲ್ಲ ಕೆಂಪು ಗೀಟು ಹಾಕಿ ತೆಗೆದುಬಿಡುತ್ತಿದ್ದ. ಪ್ರತಿ ಗೀಟೂ ಅವಳ ಎದೆಗೇ ತಾಗುತ್ತಿತ್ತು.

ಆರು ತಿಂಗಳಾಗುವಷ್ಟರಲ್ಲಿ ಅಕ್ಕ ಫೋನ್ ಮಾಡಿದಳು. "ಏನೇ ಇದು ನಿನ್ನ ಮೆಸೇಜು? 'ತಲುಪಿದೆ. ಊಟವಾಯಿತು.' ಇದೇನು ನೀನಾ? ಮೈಮೇಲೆ ಯಾರಾದ್ರೂ ಬಂದಿದ್ದಾರಾ?"

ಅಕ್ಕ ನಗುತ್ತಿದ್ದಳು. ಇವಳಿಗೆ ನಗು ಬರಲಿಲ್ಲ. ಡೈರಿ ತೆಗೆದು ನೋಡಿದರೆ ಕೈಬರಹವೂ ತನ್ನದಾಗಿರಲಿಲ್ಲ!

ಅದೇ ವಾರ 'ಇ' ಅಕ್ಷರದ ಕೊನೆಯ ಚೀಟಿಗಳನ್ನು ನೋಡುತ್ತಾ ಸಂಪಾದಕ ಕೆಂಪು ಪೆನ್ನು ಕೆಳಗಿಟ್ಟ. ಕಣ್ಣು ತುಂಬಿತ್ತು.

"ಥೇಟ್ ಅವಳೇ ಬರೆದ ಹಾಗಿದೆ..."

ಅವಳು ಆ ಚೀಟಿಗಳನ್ನೇ ನೋಡಿದಳು. ಹಾಗಾದ್ರೆ ಇಷ್ಟು ದಿನ ಇವರು ನೋಡ್ತಿದ್ದದ್ದು ನನ್ನನ್ನಲ್ಲ... ಅವಳನ್ನ! ನಾನು ಬರೀ ಅವಳು ಕೂರೋ ಕುರ್ಚಿ!

ಮರುದಿನ ಬೆಳಿಗ್ಗೆ ರಾಜೀನಾಮೆ ಪತ್ರ ಅವನ ಮೇಜಿನ ಮೇಲಿತ್ತು.

"ಯಾಕೆ?" ಅವನ ಮುಖ ಬಿಳಿಚಿಕೊಂಡಿತ್ತು.

"ನನ್ನ ಕೈಬರಹ ನಿಮ್ಮ ಹೆಂಡತೀದಾಯ್ತು, ಸಾರ್. ನನ್ನ ಮಾತೂ ಅವರದೇ ಆಯ್ತು. ಇನ್ನೂ ಇಲ್ಲೇ ಇದ್ರೆ ನನ್ನದು ಅಂತ ಏನೂ ಉಳಿಯಲ್ಲ. ಉಸಿರಾಡೋ ಗೊಂಬೆ ಆಗ್ತೀನಿ." ಚೀಲ ಹೆಗಲಿಗೇರಿಸಿದಳು. "ನಿಮಗೆ ಅದೇ ಸಾಕಾಗಿತ್ತೇನೋ... ನನಗೆ ಸಾಲಲ್ಲ. ಯಾಕಂದ್ರೆ ನಾನು ನಿಮ್ಮನ್ನ..."

ಮುಂದೆ ಹೇಳಲಾಗದೆ ತಿರುಗಿ ಹೊರಟಳು.

"ನಿಲ್ಲಿ!"

ಅವನು ಬೀರುವಿನಿಂದ ಒಂದು ಕಟ್ಟು ತೆಗೆದು ಮುಂದೆ ಹಿಡಿದ. ಎಲ್ಲವೂ ಕೆಂಪು ಗೀಟು ಹಾಕಿದ ಅವಳದೇ ಚೀಟಿಗಳು. ಒಂದೂ ಕಳೆದಿರಲಿಲ್ಲ.

"ಗೀಟು ಹಾಕಿದ್ದು ಸಂಪಾದಕ. ಎತ್ತಿಟ್ಟುಕೊಂಡಿದ್ದು ನಾನು. ನಿಮ್ಮ ಭಾವನ ಚೀಟಿ ಓದಿ ಎರಡು ವರ್ಷದಲ್ಲಿ ಮೊದಲ ಸಲ ನಕ್ಕೆ, ಗೊತ್ತಾ?"

"ಮತ್ತೆ ನಿನ್ನೆ... ಅವರ ಹಾಗಿದೆ ಅಂತ ಅತ್ತಿರಲ್ಲ?"

"ಹೆದರಿ ಅತ್ತೆ ಕಣ್ರೀ! ಒಬ್ಬಳನ್ನ ಮೆಟ್ಟಿಲ ಮೇಲೆ ಕಳ್ಕೊಂಡೆ. ಇನ್ನೊಬ್ಬಳನ್ನ ಈ ಕುರ್ಚಿಲೇ ಕೂರಿಸಿ, ನನ್ನ ಕೈಯಾರೆ ಒಂದೊಂದೇ ಗೀಟು ಹಾಕಿ ಅಳಿಸ್ತಿದ್ದೆ ಅಂತ ಆಗ ಹೊಳೀತು. ಹೇಳೋ ಧೈರ್ಯ ಬರಲಿಲ್ಲ."

ಅವಳು ಕಟ್ಟನ್ನು ಎದೆಗವಚಿ ನಿಂತಳು. ಕಣ್ಣೀರು ಧಾರಾಕಾರವಾಗಿ ಇಳಿಯುತ್ತಿತ್ತು.

"ಅವಳು ಈ ಕೋಣೆ ಬಿಟ್ಟು ಹೋಗ್ತಾಳೆ ಅಂತ ಮಾತು ಕೊಡಲಾರೆ," ಎಂದ ಅವನು ಮೆಲ್ಲಗೆ. "ಸುಳ್ಳು ಹೇಳಿದ ಹಾಗಾಗುತ್ತೆ."

"ಇರಲಿ ಬಿಡಿ. ಇಷ್ಟು ದಿನ ಅವರ ಜೊತೆ ಕೂತು ನನಗೂ ಅವರು ಅಕ್ಕನ ಹಾಗೇ ಆಗಿದ್ದಾರೆ. ಆದ್ರೆ ನನ್ನ ಕೈಯಲ್ಲಿ ಇನ್ನು ಅವರು ಬರೆಯೋದು ಬೇಡ."

"ಬೇಡ. ಮುಂದಿನ ಅಕ್ಷರ ಯಾರೂ ಶುರು ಮಾಡಿಲ್ಲ. ನೀವು ಶುರು ಮಾಡಿ. ಕೊನೇವರೆಗೂ ನಿಮ್ಮದೇ ಧಾಟಿ."

"ಇದು ಕೆಲಸದ ಮಾತೋ, ಇಲ್ಲ..."

"ಎರಡೂ. ಕೆಲಸ ಬೇಡ ಅಂದ್ರೂ ತಡ್ಕೋತೀನಿ. ಇನ್ನೊಂದಕ್ಕೆ ಮಾತ್ರ ಬೇಡ ಅನ್ನಬೇಡಿ."

"ಹಾಗಾದ್ರೆ ಮೊದಲು ಈ 'ನೀವು, ಬನ್ನಿ, ಹೋಗಿ' ಅನ್ನೋದು ಬಿಡಿ."

"ಬಿಟ್ಟೆ. ನೀನೂ ಸಾರ್ ಅನ್ನೋದು ಬಿಡು."

ಅವಳು ಕಣ್ಣೊರೆಸಿಕೊಂಡು ಯೋಚಿಸಿದಳು.

"ಅದು ಸ್ವಲ್ಪ ಕಷ್ಟ... ಸಾರ್!"