ಸೊನ್ನೆ ಗೋಲಿನ ಮಾಮ

"ಸರ್, ಅದು ನನ್ನ ಮಾಮನ ಕುರ್ಚಿ," ಎಂದಳು ತೃಪ್ತಿ.

ಜಯೇಶ್ ಸರ್ ಆಗಲೇ ಕುರ್ಚಿಯ ಬೆನ್ನಿಗಿದ್ದ 'ದಯಾನಂದ' ಎಂಬ ಚೀಟಿಯನ್ನು ಕಿತ್ತಿದ್ದರು. ಅಲ್ಲಿ ಬೇರೊಂದು ಹೆಸರು ಅಂಟಿಸುತ್ತಿದ್ದರು. ಯಾವುದೋ ಟಿವಿ ಸೀರಿಯಲ್‌ನ ನಟನ ಹೆಸರು.

"ಚೀಫ್ ಗೆಸ್ಟ್ ಚೇಂಜ್ ಆಗಿದ್ದಾರೆ, ಬೇಟಾ. ನಿನ್ನೆಯಷ್ಟೇ ಫಿಕ್ಸ್ ಆಯ್ತು."

"ನಮಗೆ ಯಾರೂ ಹೇಳಲೇ ಇಲ್ಲ. ಮಾಮ ಸೀವುಡ್ಸ್‌ನಿಂದ ಹೊರಟಾಗಿದೆ."

"ಬರಲಿ. ಮೂರನೇ ಸಾಲಿನಲ್ಲಿ ಜಾಗ ಇದೆ."

ಅಂದು ವರ್ತಕ ನಗರದ ಅವರ ಶಾಲೆಯಲ್ಲಿ ಸ್ಪೋರ್ಟ್ಸ್ ಡೇ. ತೃಪ್ತಿಯ ಮಾಮ ಮಂಜುಗಡ್ಡೆಯ ಮೇಲಾಡುವ ಐಸ್-ಹಾಕಿ ಆಟಗಾರರಾಗಿದ್ದವರು ಎಂದು ಕೇಳಿ, ತಿಂಗಳ ಹಿಂದೆ ಇದೇ ಸರ್ ತಾವಾಗಿಯೇ "ಕರ್ಕೊಂಡು ಬಾ" ಎಂದಿದ್ದರು. ದಯಾನಂದ ಮಾಮ ಅಮ್ಮನ ತಮ್ಮ. ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಅಜ್ಜನ ಜೊತೆ ಒಂಬತ್ತನೇ ವಯಸ್ಸಿಗೆ ಕೆನಡಾಕ್ಕೆ ಹೋದವರು. ಅಲ್ಲಿನ ಸಣ್ಣ ಸಣ್ಣ ಊರುಗಳ ಪ್ರೊಫೆಷನಲ್ ಟೀಮ್‌ಗಳಲ್ಲಿ ಹನ್ನೊಂದು ವರ್ಷ ಗೋಲ್‌ಕೀಪರ್ ಆಗಿದ್ದರು. ಆಟ ಬಿಟ್ಟು ಕಳೆದ ವರ್ಷ ವಾಪಸ್ ಬಂದಿದ್ದರು. ಆ ಮಾತೆತ್ತಿದರೆ ಸುಮ್ಮನಾಗಿಬಿಡುತ್ತಿದ್ದರು. ತೃಪ್ತಿ ಮೂರು ಭಾನುವಾರ ಬೆನ್ನು ಹತ್ತಿ ಅವರನ್ನು ಒಪ್ಪಿಸಿದ್ದಳು.

"ಸರ್, ಕರೆದವರು ನೀವೇ."

ಸರ್ ಫೋನ್ ತೆಗೆದು ತೋರಿಸಿದರು. "ಇಲ್ಲಿ ನೋಡು, ಅವರ ರೆಕಾರ್ಡ್ ಸರ್ಚ್ ಮಾಡಿದೆ. ಹನ್ನೊಂದು ವರ್ಷಕ್ಕೆ ಎಷ್ಟು ಗೋಲು? ಸೊನ್ನೆ. ಸ್ಟೇಜ್ ಮೇಲೆ ಏನಂತ ಹೇಳಲಿ?"

"ಗೋಲ್‌ಕೀಪರ್ ಗೋಲು ಹೊಡೆಯೋದಿಲ್ಲ ಸರ್, ತಡೀತಾರೆ."

"ಅದು ನನಗೆ ಗೊತ್ತು. ಪೇರೆಂಟ್ಸ್‌ಗೆ ಅರ್ಥ ಆಗಬೇಕಲ್ಲ."

ಹಿಂದೆ ನಿಂತಿದ್ದ ಏಳನೇ ಕ್ಲಾಸಿನ ಹುಡುಗರು "ಝೀರೋ ಮಾಮ, ಝೀರೋ ಮಾಮ" ಎಂದು ನಕ್ಕರು. ತೃಪ್ತಿಯ ಕಿವಿ ಬಿಸಿಯಾಯಿತು.

ಮಾಮ ಬಂದಾಗ ಅವರ ಹೆಗಲಲ್ಲಿ ತೃಪ್ತಿಗಿಂತ ದೊಡ್ಡ ಬ್ಯಾಗ್ ಇತ್ತು. ಮಕ್ಕಳಿಗೆ ತೋರಿಸಲೆಂದು ತಮ್ಮ ಪ್ಯಾಡ್, ಮುಖದ ಮಾಸ್ಕ್ ಎಲ್ಲ ತಂದಿದ್ದರು. ಅಷ್ಟು ಸಾಮಾನು ಹೊತ್ತು ಲೋಕಲ್ ಟ್ರೇನಿನಲ್ಲಿ ಬಂದಿದ್ದರು. ಅಂಗಿಗೆ ಇಸ್ತ್ರಿ ಹಾಕಿದ್ದರು. ತೃಪ್ತಿ ನಡೆದುದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಮಾಮ ಸ್ಟೇಜಿನತ್ತ ಒಮ್ಮೆ ನೋಡಿ, ಮೂರನೇ ಸಾಲಿನಲ್ಲಿ ಅಮ್ಮನ ಪಕ್ಕ ಹೋಗಿ ಕೂತರು.

ಒಂಬತ್ತಾಯಿತು, ಹತ್ತಾಯಿತು. ನಟ ಬರಲಿಲ್ಲ. ಗಾಲಿಯ ಸ್ಕೇಟ್ ಕಟ್ಟಿಕೊಂಡ ಮಕ್ಕಳು ಬಿಸಿಲಲ್ಲಿ ಸಾಲುಗಟ್ಟಿ ನಿಂತೇ ಇದ್ದರು. ಜಯೇಶ್ ಸರ್ ಬೆವರು ಒರೆಸಿಕೊಳ್ಳುತ್ತ ಬಂದರು.

"ದಯಾನಂದ್‌ಜಿ, ಗೆಸ್ಟ್ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ಅಲ್ಲಿಯವರೆಗೆ ಮಕ್ಕಳಿಗೆ ಸ್ವಲ್ಪ ಟೈಮ್‌ಪಾಸ್..."

"ಬೇಡ ಮಾಮ," ತೃಪ್ತಿ ಅವರ ತೋಳು ಹಿಡಿದಳು. "ನೀವೇನು ಸ್ಟೆಪ್ನಿಯಾ?"

ಮಾಮ ಬ್ಯಾಗಿನ ಜಿಪ್ ಎಳೆದರು. "ಹೌದು ಮಗಾ. ಹನ್ನೊಂದರಲ್ಲಿ ಏಳು ವರ್ಷ ನಾನು ಎರಡನೇ ಗೋಲ್‌ಕೀಪರ್. ಪೂರಾ ಡ್ರೆಸ್ ಹಾಕಿ ಬೆಂಚಿನ ತುದಿಯಲ್ಲಿ ಕೂರ್ಲಿಕ್ಕೆ. ಬೇರೆಯವರು ಆಡ್ಲಿಕ್ಕೆ ಹೋಗುವಾಗ ಗೇಟು ತೆಗೆಯುವುದು, ಬರುವಾಗ ಪುನಃ ತೆಗೆಯುವುದು. ಅದೇ ಕೆಲಸ."

"ನಿಮಗೆ ಸಿಟ್ಟು ಬರ್ತಿರಲಿಲ್ವಾ?"

"ಬರ್ತಿತ್ತು. ಈಗಲೂ ಉಂಟು. ಕಾಣುದಿಲ್ಲ ಅಷ್ಟೇ."

ಅವರು ಪ್ಯಾಡ್ ಬಿಗಿಯತೊಡಗಿದರು. ಅಮ್ಮ ಸಣ್ಣ ಸ್ವರದಲ್ಲಿ ಗೊಣಗಿದಳು, "ಸೊಂಟಕ್ಕೆ ಎರಡು ಸಲ ಆಪರೇಶನ್ ಆಗಿದೆ. ಮೊಣಕಾಲೂರಬಾರದು ಅಂತ ಡಾಕ್ಟರು ಹೇಳಿದ್ದಾರೆ. ಇವನು ಕೇಳಬೇಕಲ್ಲ."

ಮಕ್ಕಳು ಸ್ಕೇಟಿಂಗ್ ಮಾಡುವ ಸಿಮೆಂಟಿನ ರಿಂಕಿನ ಒಂದು ತುದಿಯಲ್ಲಿ ಗೋಲಿನ ಬಲೆಯಿತ್ತು. ಮಾಸ್ಕ್ ಹಾಕಿಕೊಂಡು ಮಾಮ ಅದರ ಮುಂದೆ ಬಗ್ಗಿ ನಿಂತರು. ಮಕ್ಕಳು ಒಬ್ಬೊಬ್ಬರಾಗಿ ಪ್ಲಾಸ್ಟಿಕ್ ಚೆಂಡು ಹೊಡೆದರು. ಮೊದಲು ನಗು, ಗಲಾಟೆ. ಹತ್ತು ಚೆಂಡು ಆದ ಮೇಲೆ ಗಲಾಟೆ ಕಮ್ಮಿಯಾಯಿತು. ಮೇಲೆ ಬಂದದ್ದು ಗ್ಲೌಸಿಗೆ, ಕೆಳಗೆ ಬಂದದ್ದು ಪ್ಯಾಡಿಗೆ. ಏಳನೇ ಕ್ಲಾಸಿನ ಹುಡುಗರು ಎರಡೆರಡು ಸಲ ಬಂದರು. ಒಂದೂ ಒಳಗೆ ಹೋಗಲಿಲ್ಲ. ಯಾರೂ ಈಗ ಝೀರೋ ಎನ್ನಲಿಲ್ಲ.

"ಸರ್, ನೀವೂ ಹೊಡೀರಿ," ಎಂದು ತೃಪ್ತಿಯೇ ಸ್ಟಿಕ್ ಕೊಟ್ಟಳು. ಜಯೇಶ್ ಸರ್ ಐದು ಹೊಡೆದರು.

"ಎಷ್ಟು ಗೋಲು ಸರ್?"

ಸರ್ ಖಾಲಿ ಬಲೆಯತ್ತ ನೋಡಿ ಸ್ಟಿಕ್ ವಾಪಸ್ ಕೊಟ್ಟರು. ತೃಪ್ತಿಗೆ ಎದೆಯಲ್ಲಿ ಐಸ್‌ಕ್ರೀಮ್ ತಿಂದಷ್ಟು ತಂಪಾಯಿತು.

ಕೊನೆಗೆ ಒಂದನೇ ಕ್ಲಾಸಿನ ಭಾಗ್ಯಾ ಬಂದಳು. ಪಕ್ಕದ ಸೊಸೈಟಿಯ ವಾಚ್‌ಮನ್ ಮಾಪಣ್ಣನ ಮಗಳು. ಹೆಲ್ಮೆಟ್ ಕಣ್ಣಿನವರೆಗೆ ಇಳಿದಿತ್ತು. ಇದನ್ನಾದರೂ ಮಾಮ ಬಿಟ್ಟುಕೊಡುತ್ತಾರೆ ಎಂದು ಎಲ್ಲರೂ ಅಂದುಕೊಂಡರು. ಭಾಗ್ಯಾ ಹೊಡೆದಳು. ಚೆಂಡು ಮೆಲ್ಲಗೆ ಉರುಳಿ ಬಂತು. ಮಾಮ ಪೂರಾ ಕಾಲು ಚಾಚಿ, ನೆಲಕ್ಕೆ ಬಿದ್ದು ಅದನ್ನೂ ತಡೆದರು.

"ಇನ್ನೊಂದ್ ಸಲ ಹೊಡೀತೀನ್ರಿ," ಎಂದಳು ಭಾಗ್ಯಾ.

ಅಷ್ಟರಲ್ಲಿ ಗೇಟಿನ ಹತ್ತಿರ ಹಾರ್ನ್ ಕೇಳಿತು. ಕ್ಷಣದಲ್ಲಿ ರಿಂಕ್ ಖಾಲಿ. ಸ್ಕೇಟ್ ಕಟ್ಟಿಕೊಂಡವರು, ಬಿಚ್ಚಿದವರು, ಭಾಗ್ಯಾ, ಟೀಚರುಗಳು, ಎಲ್ಲರೂ ಕಾರಿನ ಕಡೆ ಓಡಿದರು. ಜಯೇಶ್ ಸರ್ ತಿರುಗಿ, "ಥ್ಯಾಂಕ್ಯೂ, ಥ್ಯಾಂಕ್ಯೂ. ಗ್ರೌಂಡ್ ಬೇಗ ಕ್ಲಿಯರ್ ಮಾಡಿ," ಎಂದು ಕೂಗಿ ಹೋದರು.

ಮೈಕಿನಲ್ಲಿ ನಟನ ಹೆಸರು ಮೂರು ಸಲ ಕೇಳಿಬಂತು. ಮಾಮನ ಹೆಸರು ಒಂದು ಸಲವೂ ಬರಲಿಲ್ಲ.

ತೃಪ್ತಿಗೆ ಅಳು ಬಂತು. ಸಿಟ್ಟಿನ ಅಳು. ಸ್ಟೇಜ್ ಹತ್ತಿ ಮೈಕ್ ಕಿತ್ತುಕೊಂಡು ತಾನೇ ಹೇಳಿಬಿಡುತ್ತೇನೆ ಎಂದು ನಾಲ್ಕು ಹೆಜ್ಜೆ ಹೋದಳು. ಮಾಮನನ್ನೂ ಎಳೆದುಕೊಂಡು ಹೋಗಬೇಕು ಎನಿಸಿ ತಿರುಗಿದಳು.

ಮಾಮ ಗೋಲಿನ ಕಂಬಕ್ಕೆ ಒರಗಿ ನೆಲದ ಮೇಲೆ ಕೂತಿದ್ದರು. ಆಗಷ್ಟೇ ಮಾಸ್ಕ್ ತೆಗೆದಿದ್ದರು. ಕೂದಲಿನಿಂದ ಬೆವರು ತೊಟ್ಟಿಕ್ಕುತ್ತಿತ್ತು. ಒಂದು ಕೈ ಸೊಂಟದ ಮೇಲಿತ್ತು. ಆದರೆ ಮುಖ? ಅಷ್ಟು ಬೆಳಗುವ ಮುಖವನ್ನು ತೃಪ್ತಿ ಒಂದು ಭಾನುವಾರವೂ ನೋಡಿರಲಿಲ್ಲ. ಅವರು ಸ್ಟೇಜಿನ ಕಡೆ ತಲೆ ಕೂಡ ತಿರುಗಿಸಿರಲಿಲ್ಲ.

"ಆ ಪುಟ್ಟಿ ಹೊಡೆದದ್ದು ನೋಡಿದ್ಯಾ?" ಎಂದರು ಮಾಮ ಏದುಸಿರಿನಲ್ಲಿ. "ಕಣ್ಣು ಬಲಕ್ಕೆ, ಹೊಡೆದದ್ದು ಎಡಕ್ಕೆ. ಇನ್ನು ಸ್ವಲ್ಪದರಲ್ಲಿ ಹೋಗ್ತಿತ್ತು."

ಹಿಂದೆ ಚಪ್ಪಾಳೆ ಕೇಳಿತು. ಅಲ್ಲಿ ಯಾರೋ ಭಾಷಣ ಶುರು ಮಾಡಿದ್ದರು.

ತೃಪ್ತಿ ಸ್ಟೇಜಿಗೆ ಬೆನ್ನು ಹಾಕಿ, ಬಿಸಿ ಸಿಮೆಂಟಿನ ಮೇಲೆ ಮಾಮನ ಎದುರು ಕೂತಳು. ಅವರ ಪ್ಯಾಡಿನ ಬೆಲ್ಟ್ ಬಿಚ್ಚುತ್ತ ಕೇಳಿದಳು, "ಎಡಕ್ಕೆ ಬರ್ತದೆ ಅಂತ ನಿಮಗೆ ಹೇಗೆ ಗೊತ್ತಾಯ್ತು, ಮಾಮ?"

ಮಾಮ ಹೇಳತೊಡಗಿದರು.