ಸೂಗಪ್ಪನವರ ಉಡದಾರದ ಕೀಲಿಕೈ

ಶುಕ್ರವಾರ ಸಂಜೆ ನಾಲ್ಕಕ್ಕೆ ಅಕ್ಕಿ ಮಿಲ್ಲಿನ ಸೂಗಪ್ಪ ಸಾವಕಾರರು ಯಶೋಧರಾ ಮೇಡಂ ಮನೆಗೆ ನುಗ್ಗಿದರು. ಮೇಡಂ ಸಿಂಧನೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಊರಲ್ಲಿ ಯಾರ ಮೇಲೆ ಅನುಮಾನ ಬಂದರೂ ಜನ ಮೊದಲು ತಟ್ಟುವುದು ಅವರ ಬಾಗಿಲನ್ನೇ. ಅವರಿಗೆ ಮೊಣಕಾಲು ನೋವು, ನನಗೊಂದು ಆಟೋ. ಹೀಗಾಗಿ ಅವರ ಪತ್ತೇದಾರಿಕೆಯಲ್ಲಿ ಪಕೀರಪ್ಪನಾದ ನಾನೂ ಇದ್ದೇ ಇರುತ್ತೇನೆ.

ಸಾವಕಾರರು ಕೂಡುವ ಮೊದಲೇ ಅವರ ಎರಡೂ ಫೋನುಗಳು ಬಡಿದುಕೊಂಡವು. ಒಬ್ಬ ಖಾಲಿ ಚೀಲ ಎಲ್ಲಿ ಇಳಿಸಲಿ ಎಂದು ಕೇಳಿದ, ಇನ್ನೊಬ್ಬ ಚಹಾಕ್ಕೆ ಸಕ್ಕರೆ ತರಲೇ ಎಂದ. ಸಕ್ಕರೆಗೂ ಇವರ ಅಪ್ಪಣೆ ಬೇಕಾದರೆ ಆ ಮಿಲ್ಲು ನಡೆಯುವುದಾದರೂ ಹೇಗೆ ಎಂದು ನನಗೆ ನಗು ಬಂತು.

ಆಮೇಲೆ ವಿಷಯ ಹೇಳಿದರು. ಅವರ ಮಿಲ್ಲಿನಲ್ಲಿ ಭತ್ತವನ್ನು ಟಾಕಿಯ, ಅಂದರೆ ದೊಡ್ಡ ತೊಟ್ಟಿಯ, ಬಿಸಿನೀರಿನಲ್ಲಿ ನೆನೆಸಿ, ನೀರು ಹೊರಗೆ ಬಿಟ್ಟು, ನಂತರ ಬೇಯಿಸುತ್ತಾರೆ. ಕಾಳು ಕಚ್ಚಿ ಹದ ನೋಡಿ ನೀರು ಬಿಡುವ ಅಧಿಕಾರ ಸಾವಕಾರರೊಬ್ಬರದೇ. ನೀರು ಬಿಡುವ ಚಕ್ರಕ್ಕೆ ಸರಪಳಿ, ಸರಪಳಿಗೆ ಬೀಗ, ಕೀಲಿಕೈ ಅವರ ಸೊಂಟದ ಉಡದಾರದಲ್ಲಿ. ಬೆಳಿಗ್ಗೆ ಬೀಗ ಹಾಕಿ ಮಸ್ಕಿಗೆ ಹೋಗಿದ್ದರು. ಬಂದು ನೋಡಿದರೆ ಬೀಗ ಹಾಕಿದಂತೆಯೇ ಇತ್ತು, ಟಾಕಿಯಲ್ಲಿ ನೀರಿರಲಿಲ್ಲ.

"ಕರೀಂಸಾಬನ ಮಾಡ್ಯಾನ್ರಿ. ಮಧ್ಯಾಹ್ನಕ್ಕ ನೀರು ಬಿಡಬೇಕು, ಕೀಲಿಕೈ ಕೊಟ್ಟು ಹೋಗ್ರಿ ಅಂತ ಮುಂಜಾನಿ ಜಗಳಾ ತಗದಿದ್ದ. ಎರಡನೂರು ಚೀಲ ನೆಲ್ಲು ಕೆಡಿಸ್ಯಾನ. ಇವತ್ತ ಅವನ್ನ ಬಿಡಿಸಿ ಕಳಸ್ತೀನಿ."

ಕರೀಂಸಾಬ್ ಇಪ್ಪತ್ತೆರಡು ವರ್ಷದಿಂದ ಅಲ್ಲಿ ಮಿಸ್ತ್ರಿ.

"ಬೀಗ ಹಾಕುವಾಗ ಫೋನ್ ಎಲ್ಲಿತ್ತಪಾ?" ಮೇಡಂ ಕೇಳಿದರು.

"ಒಂದು ಕೈಯಾಗ ಇತ್ರಿ. ಲಿಂಗಸುಗೂರಿನ ಲಾರಿಯವ ಮಾತಾಡಾಕತ್ತಿದ್ದ."

ಬಂದ ಮೇಲೆ ಭತ್ತ ಕಚ್ಚಿ ನೋಡಿದೆಯಾ ಎಂದು ಮೇಡಂ ಕೇಳಿದ್ದಕ್ಕೆ, ಟೈಮ್ ಎಲ್ಲಿದೆ ಎಂದರು.

ಮಿಲ್ಲಿಗೆ ಹೋದೆವು. ಸರಪಳಿ ದಪ್ಪ ಪೈಪನ್ನು ಎರಡು ಸುತ್ತು ಸುತ್ತಿತ್ತು, ಬೀಗ ಬಿಗಿಯಾಗಿತ್ತು. ಟಾಕಿಯ ಬುಡದಲ್ಲಿ ಕಚ್ಚಿ ಉಗುಳಿದ ಭತ್ತದ ಸಿಪ್ಪೆ ಒಂದು ಹಿಡಿಯಷ್ಟು ಬಿದ್ದಿತ್ತು, ಎಲ್ಲ ಕೆಂಪು ಕೆಂಪು. ಕರೀಂಸಾಬ್ ಬಿಳಿ ಹಲ್ಲು ತೋರಿಸಿ ಸಪ್ಪೆಯಾಗಿ ನಕ್ಕ. ಏನು ಕೇಳಿದರೂ ಗೊತ್ತಿಲ್ಲ ಎಂದ. ಹದಿನೆಂಟು ವರ್ಷದಿಂದ ಕಣದಲ್ಲಿ ಭತ್ತ ಹರವುವ ಗದ್ದೆಮ್ಮ ನನ್ನ ಹತ್ತಿರ ಚಿಟಿಕೆ ಸುಣ್ಣ ಇಸಿದುಕೊಂಡು ಹೋದಳು.

ಮೇಡಂ ಎಲ್ಲರನ್ನೂ ಟಾಕಿಯ ಹತ್ತಿರ ಕರೆಸಿದರು. ಕೆಡಿಸಬೇಕೆನ್ನುವವರು ಮತ್ತೆ ಮತ್ತೆ ಕಾಳು ಕಚ್ಚಿ ನೋಡುತ್ತಾ ಕಾಯುವುದಿಲ್ಲ, ಹದ ನೋಡುವವರು ಕಾಯುತ್ತಾರೆ ಎಂದರು. ಸಿಪ್ಪೆ ಕೆಂಪಾಗಿದೆ ಎಂದರೆ ಕಚ್ಚಿದವರ ಬಾಯಲ್ಲಿ ಎಲೆ ಅಡಿಕೆ ಇತ್ತು. ಸಾವಕಾರರು ಅದನ್ನು ಮುಟ್ಟುವವರಲ್ಲ, ಕರೀಂಸಾಬನ ಹಲ್ಲು ಹಾಲಿನಂತಿವೆ.

"ಇನ್ನ ಬೀಗದ ಮಾತು. ಸೂಗಪ್ಪ, ಸರಪಳಿ ಪೈಪಿಗೆ ಐತಿ, ಚಕ್ರಕ್ಕ ಇಲ್ಲ. ಒಂದ ಕೈಲೇ ಬೀಗ ಹಾಕಿ ಹೋಗಿದ್ದಿ. ತಿರುವಿ ನೋಡು."

ಸಾವಕಾರರು ತಿರುವಿದರು. ಚಕ್ರ ಸಲೀಸಾಗಿ ತಿರುಗಿತು.

ಗದ್ದೆಮ್ಮ ಸೆರಗು ಹಿಡಿದು ಮುಂದೆ ಬಂದಳು. "ನಾನ ಬಿಟ್ಟೀನ್ರಿ. ಇನ್ನಷ್ಟು ಹೊತ್ತಾಗಿದ್ರ ನೀರು ಹುಳಿ ನಾರತಿತ್ತು. ಫೋನ್ ಹಚ್ಚಿಸಿದ್ನಿ, ನಿಮ್ಮವು ಎರಡೂ ಖಾಲಿ ಇರಲಿಲ್ಲ."

ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದು ಸಾವಕಾರರು ಕರೀಂಸಾಬನನ್ನು ಕೇಳಿದರು.

"ನನಗ ಬ್ಯಾರೆ ಮಿಲ್ಲಿನಾಗ ಕೆಲಸ ಸಿಗತೈತ್ರಿ. ಆಕಿಗೆ ಯಾರು ಕೊಡ್ತಾರ?"

ಸಾವಕಾರರು ಒಂದು ಕಾಳು ಕಚ್ಚಿದರು. ನಡುವೆ ಬಿಳಿ ಚುಕ್ಕೆಯೇ ಇರಲಿಲ್ಲ, ಒಳಗಿನವರೆಗೂ ನೆನೆದಿತ್ತು, ತಾವು ನೋಡಿ ಬಿಟ್ಟಾಗಲೂ ಅಷ್ಟು ಹದ ಬರುತ್ತಿರಲಿಲ್ಲವಂತೆ. ಅವರ ಕಣ್ಣು ತುಂಬಿದವು. ಉಡದಾರದಿಂದ ಕೀಲಿಕೈ ಬಿಚ್ಚಿ ಗದ್ದೆಮ್ಮನ ಮುಂದೆ ಹಿಡಿದರು. ಅವಳು ಮುಟ್ಟಲಿಲ್ಲ.

"ಕೀಲಿಕೈ ಯಾಕ್ರೀ ಸಾವಕಾರ್ರ? ನೀ ನೋಡ್ಕೋ ಗದ್ದೆಮ್ಮ ಅಂತ ಒಂದ ಮಾತು ಅನ್ರಿ, ಸಾಕು."

ಅವರು ಹಾಗೇ ಅಂದರು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಭತ್ತ ಬೇಯಿಸುವ ಒಲೆಗೆ ಉರಿ ಹಾಕಲೇ ಎಂದು ಒಳಗಿನಿಂದ ಯಾರೋ ಕೇಳುತ್ತಿದ್ದರು. ಸಾವಕಾರರು ಫೋನನ್ನು ಕರೀಂಸಾಬನ ಕೈಗೆ ಕೊಟ್ಟು ಮೇಡಂ ಜೊತೆ ನನ್ನ ಆಟೋ ಹತ್ತಿದರು.

ದಿನಾ ರಾತ್ರಿಯಾದ ಮೇಲೆಯೇ ಮನೆ ಸೇರುವ ಸಾವಕಾರರನ್ನು ಇನ್ನೂ ಬೆಳಕಿರುವಾಗಲೇ ಮನೆಯ ಮುಂದೆ ಇಳಿಸಿದೆ. ಬಾಗಿಲು ತೆರೆದ ಅವರ ಹೆಂಡತಿ ಪಾರ್ವತೆಮ್ಮ ಗಾಬರಿಯಾಗಿ, "ಮೈಯಾಗ ಆರಾಮ ಇಲ್ಲೇನ್ರೀ?" ಎಂದು ಹಣೆ ಮುಟ್ಟಿ ನೋಡಿದರು.