ಕೆನ್ನೆಗೊಪ್ಪುವ ರೈಫಲ್

ಮೂರನೆಯ ಸಲ ಕೇಳಿದಾಗಲೂ ಅವನು ತಿರುಗಿ ನೋಡಲಿಲ್ಲ.

"ಸರ್, ಮೊದಲ್ನೇ ರೈಫಲ್ ಅಂದ್ರೆ ಯಾವ್ದು ತಗೊಂಡ್ರೆ ಒಳ್ಳೇದು?"

ಚೈತ್ರ ನಿಂತಿದ್ದದ್ದು ಅವನಿಂದ ಎರಡಡಿ ದೂರದಲ್ಲಿ. ಆಚೆ ಯಾರೋ ಗುಂಡು ಹೊಡೆಯುತ್ತಿದ್ದರು ನಿಜ, ಆದರೂ ಅಷ್ಟು ಹತ್ತಿರದ ಮಾತು ಕೇಳಿಸದೆ ಇರುತ್ತದೆಯೇ? ಅವನು ರೈಫಲಿನಿಂದ ಬಿಚ್ಚಿಟ್ಟಿದ್ದ ಬೋಲ್ಟನ್ನು ಮೆತ್ತಗೆ ಒರೆಸಿ, ಬಟ್ಟೆಯನ್ನು ನಾಲ್ಕು ಮಡಿಕೆ ಮಡಚಿ, ಎದ್ದು ಒಳಗೆ ಹೋಗಿಬಿಟ್ಟ.

"ಎಷ್ಟ್ ಕೊಬ್ಬು ನೋಡೇ," ಎಂದಳು ಚೈತ್ರ, ಗೆಳತಿ ಅಮ್ರೀನ್‌ಗೆ.

"ಏರ್‌ಫೋರ್ಸಲ್ಲಿ ಇಪ್ಪತ್ತು ವರ್ಷ ಆಯುಧ ರಿಪೇರಿ ಮಾಡ್ದೋರಂತೆ. ನಮ್ಮಂಥೋರು ಕಣ್ಣಿಗ್ ಕಾಣ್ತೀವಾ?" ಅಮ್ರೀನ್ ಕಣ್ಣು ಮಿಟುಕಿಸಿದಳು. "ಆದ್ರೂ ಮೂರ್ ಸಲ ಯಾಕ್ ಕೇಳ್ದೆ? ಒಂದ್ ಸಲ ಸಾಕಿತ್ತಲ್ಲ."

"ಸುಮ್ನಿರೇ."

ಪುಟ್ಟೇನಹಳ್ಳಿ ಕೆರೆಯಿಂದ ಆಚೆಗಿದ್ದ ಆ ಶೂಟಿಂಗ್ ರೇಂಜಿಗೆ ಚೈತ್ರ ಎರಡು ವರ್ಷದಿಂದ ಪ್ರತಿ ಭಾನುವಾರ ಬರುತ್ತಿದ್ದಳು. ಅವಳು ಆಡಿಯಾಲಜಿಸ್ಟ್. ವಾರವಿಡೀ ಆರ್.ಟಿ. ನಗರದ ಕ್ಲಿನಿಕ್ಕಿನಲ್ಲಿ ಜನರ ಕಿವಿ ಪರೀಕ್ಷೆ ಮಾಡುವವಳು. "ಕೇಳಿಸ್ತಾ? ಈಗ ಕೇಳಿಸ್ತಾ?" ಎಂದು ಕೇಳಿ ಕೇಳಿ ದಣಿದವಳಿಗೆ, ಟ್ರಿಗರ್ ಒತ್ತುವ ಮುಂಚೆ ಉಸಿರು ಹಿಡಿಯುವ ಆ ಒಂದು ಗಳಿಗೆಯಷ್ಟು ನೆಮ್ಮದಿ ಬೇರೆಲ್ಲೂ ಸಿಕ್ಕಿರಲಿಲ್ಲ. ಇಷ್ಟು ದಿನ ಕ್ಲಬ್ಬಿನ ರೈಫಲ್‌ನಲ್ಲೇ ಕಲಿತಿದ್ದಳು. ಹೋದ ವಾರ ಅವಳದೇ ಲೈಸೆನ್ಸ್ ಬಂದಿತ್ತು. ಪಾಯಿಂಟ್ ಟೂ ಟೂ, ಬೋಲ್ಟ್ ಆಕ್ಷನ್. ಒಂದೊಂದು ಗುಂಡಿಗೂ ಕೈಯಿಂದಲೇ ಬೋಲ್ಟ್ ಎಳೆದು ತಳ್ಳಿ, ಐವತ್ತು ಮೀಟರ್ ದೂರದ ಕಾಗದಕ್ಕೆ ಗುರಿಯಿಡುವ ರೈಫಲ್. ಅಂಥದ್ದೊಂದನ್ನು ಸ್ವಂತಕ್ಕೆ ಕೊಳ್ಳಬಹುದಿತ್ತು. ಯಾವುದನ್ನು ಎಂಬುದೊಂದೇ ಗೊತ್ತಿರಲಿಲ್ಲ. ಗೊತ್ತಿದ್ದವನು ಹದಿನೈದು ದಿನದ ಹಿಂದೆ ಬಂದಿದ್ದ ಈ ಹೊಸ ಕೋಚ್ ಮಹೇಂದ್ರ. ಅವನಿಗೋ ಬಾಯಿಲ್ಲ.

ಮುಂದಿನ ಭಾನುವಾರ ಅವಳು ಹಟಕ್ಕೆ ಬಿದ್ದು ತಾನೇ ನಿರ್ಧರಿಸಿದಳು. ಕ್ಲಬ್ಬಿನ ಸದಸ್ಯ ಉಮೇಶ್ ತನ್ನ ವಿದೇಶಿ ರೈಫಲ್ ಮಾರುತ್ತಿದ್ದ. ನೀಲಿ ಲೋಹದ ಮೈ, ತಿರುಗಿಸಿದಲ್ಲೆಲ್ಲ ಸ್ಕ್ರೂ, ನೋಡಿದರೆ ಕಣ್ಣು ಕುಕ್ಕಬೇಕು. ಚೈತ್ರ ಅದನ್ನೆತ್ತಿ ಭುಜಕ್ಕಿಟ್ಟುಕೊಂಡಳು.

"ಅದು ಬೇಡ," ಎಂದಿತು ಹಿಂದಿನಿಂದ ಒಂದು ದನಿ.

ಮಹೇಂದ್ರ. ಎಲ್ಲರೂ ತಿರುಗಿ ನೋಡಿದರು. ಚೈತ್ರಳ ಕಿವಿ ಬಿಸಿಯಾಯಿತು.

"ಹೋದ್ ವಾರ ಮೂರ್ ಸಲ ಕೇಳ್ದಾಗ ಉತ್ತರ ಇರ್ಲಿಲ್ಲ. ಈಗ ಕೇಳ್ದೇನೇ ಹೇಳ್ತಿದೀರಾ?"

"ಹೋದ್ ವಾರ?" ಅವನ ಹುಬ್ಬು ಗಂಟಿಕ್ಕಿತು. "ಯಾವಾಗ ಕೇಳಿದ್ರಿ ನೀವು?"

ಆ ಮುಖದಲ್ಲಿ ಸುಳ್ಳಿರಲಿಲ್ಲ. ಪೆಚ್ಚಾದ ಹುಡುಗನ ಕಣ್ಣುಗಳು, ನಲವತ್ತರ ಗಂಡಸಿನ ಮುಖದಲ್ಲಿ. ಚೈತ್ರಳಿಗೆ ಥಟ್ಟನೆ ನೆನಪಾಯಿತು. ಅವತ್ತು ತಾನು ನಿಂತಿದ್ದದ್ದು ಅವನ ಎಡಕ್ಕೆ. ಅವಳು ನೆಲದಿಂದ ಖಾಲಿ ತೋಟಾದ ಚಿಪ್ಪೊಂದನ್ನೆತ್ತಿ, ಅವನು ಉಮೇಶನ ಕಡೆ ತಿರುಗಿದಾಗ, ಅವನ ಎಡಬದಿಗೆ ಬೀಳಿಸಿದಳು. ಟಿಣ್ ಎಂದಿತು. ಮಹೇಂದ್ರ ಬಲಕ್ಕೆ ತಿರುಗಿ ನೋಡಿದ.

ಒಂದೇ ಕಿವಿಯಲ್ಲಿ ಕೇಳುವವರಿಗೆ ಶಬ್ದ ಯಾವ ಕಡೆಯಿಂದ ಬಂತೆಂದು ತಿಳಿಯುವುದಿಲ್ಲ. ಚೈತ್ರಳ ಕೋಪ ಇಳಿದುಹೋಯಿತು. ಆದರೆ ಬಾಯಿ ಬಿಡಲಿಲ್ಲ. ಅವನು ಯಾರಿಗೂ ಹೇಳಿಕೊಂಡಿರದ ವಿಷಯ ಅದು ಎಂದು ಅವಳಿಗೆ ಅನ್ನಿಸಿತು. ಸುಮ್ಮನೆ ಸುತ್ತು ಹಾಕಿ ಹೋಗಿ ಅವನ ಬಲಗಡೆ ನಿಂತಳು.

"ಸರಿ. ಇದು ಬೇಡ ಅಂದ್ರೆ ಯಾಕ್ ಬೇಡ?"

"ಕಣ್ ಮುಚ್ಚಿ. ರೈಫಲ್ ಭುಜಕ್ಕೆ ತಗೊಳ್ಳಿ. ಕೆನ್ನೆ ಇಡಿ. ಈಗ ಕಣ್ ಬಿಟ್ಟು ಹೇಳಿ, ಗುರಿ ನೋಡೋ ಹಿಂದಿನ ಉಂಗುರದ ನಡುವೆ ಮುಂದಿನ ಉಂಗುರ ಕಾಣ್ತಿದ್ಯಾ?"

ಕಾಣುತ್ತಿರಲಿಲ್ಲ. ಕತ್ತು ಮುಂದೆ ಚಾಚಿ, ಗಲ್ಲ ಒತ್ತಿ ಹುಡುಕಬೇಕಿತ್ತು. ಆ ಹೊತ್ತಿಗಾಗಲೇ ಎಡಗೈ ಭಾರಕ್ಕೆ ನಡುಗುತ್ತಿತ್ತು.

"ರೈಫಲ್ ನಿಮ್ ಕೆನ್ನೆ ಹತ್ರ ಬರ್ಬೇಕು ಕಣ್ರೀ. ನೀವು ಅದನ್ನ ಹುಡುಕ್ಕೊಂಡ್ ಹೋಗ್ಬಾರ್ದು."

"ನಮ್ಮಜ್ಜಿ ಗಂಡಿನ ವಿಷ್ಯದಲ್ಲೂ ಹಿಂಗೇ ಹೇಳ್ತಾರೆ," ಎಂದುಬಿಟ್ಟಳು ಚೈತ್ರ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮಹೇಂದ್ರ ನಗಲಿಲ್ಲ. ಆದರೆ ಮೀಸೆಯ ತುದಿ ತುಸು ಅಲುಗಿದ್ದನ್ನು ಅವಳು ನೋಡಿದಳು.

ಅಲ್ಲಿಂದ ಮೂರು ಭಾನುವಾರ ಹುಡುಕಾಟ. ಉಮೇಶನದನ್ನೂ ಬಿಡದೆ ಮೂರು ರೈಫಲ್‌ಗಳನ್ನು ಪರೀಕ್ಷಿಸುವುದೆಂದಾಯಿತು. ಎರಡನೆಯದು ಅಂಗಡಿಯಿಂದ ನೋಡಲೆಂದು ತಂದ ಹೊಸದು. ಹಗುರ, ಚೆಂದ, ಆದರೆ ಅದರ ಟ್ರಿಗರ್ ಮೊಂಡು. ಮೂರನೆಯದು ಹೆಬ್ಬಾಳದ ಡಾಕ್ಟರ್ ಶೇಖರಪ್ಪನವರದು. ಕಣ್ಣು ಮಂಜಾಗಿ ಶೂಟಿಂಗ್ ಬಿಟ್ಟಿದ್ದ ಅವರು ಅದನ್ನು ಕ್ಲಬ್ಬಿಗೆ ಒಪ್ಪಿಸಿದ್ದರು. ವಾಲ್ನಟ್ ಮರದ ಹಳೆಯ ಹಿಡಿ, ಅಲ್ಲಲ್ಲಿ ಗೀರು, ಯಾವ ಬೆಡಗೂ ಇಲ್ಲ.

"ಇದು ನಮ್ ಸ್ಕೂಲ್ ಬೆಂಚ್ ಥರ ಇದೆ," ಎಂದಳು ಚೈತ್ರ.

"ಬೆಂಚ್ ಮೇಲೆ ಕೂತೇ ತಾನೆ ಓದಿದ್ದು? ಟ್ರಿಗರ್ ಒತ್ತಿ ನೋಡಿ. ಸಣ್ಣ ಗಾಜಿನ ಕಡ್ಡಿ ಮುರ್ದಂಗೆ ಆಗ್ಬೇಕು. ಎಳೀಬಾರ್ದು, ಜಗ್ಗಬಾರ್ದು."

ಅವಳು ಒತ್ತಿದಳು. ಹಾಗೆಯೇ ಆಯಿತು. ತಾನು ಯಾವಾಗ ಒತ್ತಿದೆನೆಂದೇ ತಿಳಿಯದಷ್ಟು ನಯವಾಗಿ. ಅವಳು ಮುಖ ಎತ್ತಿದಾಗ ಮಹೇಂದ್ರ ಗುರಿಯ ಕಾಗದವನ್ನಲ್ಲ, ಅವಳನ್ನೇ ನೋಡುತ್ತಿದ್ದ.

"ಏನ್ ಸರ್?"

"ಏನಿಲ್ಲ. ಉಸಿರು ಚೆನ್ನಾಗ್ ಹಿಡಿತೀರ."

"ನೀವೂನೂ," ಎಂದಳು. ಅವನು ದೂರದರ್ಶಕಕ್ಕೆ ಕಣ್ಣಿಟ್ಟುಬಿಟ್ಟ.

ಗುಂಡುಗಳಲ್ಲೂ ನಾಲ್ಕು ಬಗೆ ತಂದಿದ್ದ. ದುಬಾರಿಯದೇ ಚೆನ್ನಾಗಿರಬೇಕೆಂದಿಲ್ಲ, ಒಂದೊಂದು ನಳಿಕೆಗೆ ಒಂದೊಂದು ರುಚಿ ಎನ್ನುತ್ತಿದ್ದ. ಮರಳಿನ ಮೂಟೆಯ ಮೇಲೆ ರೈಫಲ್ ಒರಗಿಸಿ ಐದೈದು ಗುಂಡು ಹೊಡೆಯುವುದು, ತೂತುಗಳ ಅಗಲ ಅಳೆಯುವುದು, ಬರೆದಿಡುವುದು. ನಡುವೆ ಅಮ್ರೀನ್ ತಂದ ಚಹಾ. ಚೈತ್ರ ಯಾವಾಗಲೂ ಅವನ ಬಲಕ್ಕೇ ಕುಳಿತುಕೊಳ್ಳುತ್ತಿದ್ದಳು. ಅವನು ಮದುವೆಯನ್ನು ಪೋಸ್ಟಿಂಗಿನಿಂದ ಪೋಸ್ಟಿಂಗಿಗೆ ಮುಂದೂಡುತ್ತ ಒಂಟಿಯಾಗಿ ಉಳಿದದ್ದು, ಯಲಹಂಕದ ಬಾಡಿಗೆ ಮನೆಯಲ್ಲಿ ವಿಮಾನಗಳ ಸದ್ದಿಗೇ ಏಳುವುದು, ಎಲ್ಲ ಅವಳಿಗೆ ಗೊತ್ತಾಯಿತು. ಕಿವಿಯ ವಿಷಯ ಮಾತ್ರ ಅವನು ಹೇಳಲಿಲ್ಲ. ಇವಳು ಕೇಳಲಿಲ್ಲ.

ಬ್ಯಾಟರಾಯನಪುರದ ಮನೆಯಲ್ಲಿ ಚೈತ್ರಳ ಅಜ್ಜಿ ವೆಂಕಟಲಕ್ಷ್ಮಮ್ಮ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು: "ಗಂಡು ನೋಡು ಅಂದ್ರೆ ಮೂರು ನಿಮಿಸದಾಗೆ ಬ್ಯಾಡ ಅಂತಾಳೆ. ಬಂದೂಕ ಮಾತ್ರ ಮೂರು ವಾರದಿಂದ ನೋಡ್ತಾನೇ ಅವ್ಳೆ. ಇಂಗೂ ಉಂಟಾ?"

ಮೂರನೆಯ ಭಾನುವಾರ ಬೆಳಿಗ್ಗೆ ಅದು ನಡೆಯಿತು.

ಎಲ್ಲರೂ ಗುರಿ ಕಾಗದ ಬದಲಿಸಿ, ಗುಂಡು ಹೊಡೆಯುವ ಗೆರೆಯ ಹಿಂದಕ್ಕೆ ಬಂದಿದ್ದರು. ಎಡತುದಿಯಲ್ಲಿದ್ದ ಅಮ್ರೀನ್‌ಳ ಕಾಗದ ಗಾಳಿಗೆ ಹಾರಿತು. "ಸರ್, ಒಂದ್ನಿಮಿಷ, ನಾನ್ ಮುಂದೆ ಹೋಗ್ತಿದೀನಿ!" ಎಂದು ಕೂಗಿ ಅವಳು ಗೆರೆ ದಾಟಿ ನಡೆದಳು. ಮಹೇಂದ್ರ ಬಲಕ್ಕೆ ಮುಖ ಮಾಡಿ ನಿಂತಿದ್ದ.

"ಲೋಡ್," ಎಂದು ಆಜ್ಞೆ ಕೊಟ್ಟ.

"ಸ್ಟಾಪ್!" ಚೈತ್ರ ಕಿರುಚಿದಳು. "ಯಾರೂ ಲೋಡ್ ಮಾಡ್ಬೇಡಿ! ಬೋಲ್ಟ್ ತೆಗೀರಿ!"

ಎಲ್ಲರ ಕೈ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಮಹೇಂದ್ರನ ಮುಖ ಬಿಳಿಚಿಹೋಗಿತ್ತು. ಹೆದರಿಕೆ ಸಿಟ್ಟಾಗಿ ಹೊರಬಿತ್ತು.

"ಹೇಳ್ದೆ ಕೇಳ್ದೆ ಗೆರೆ ದಾಟ್ತೀರಾ? ತಲೆ ಇದ್ಯಾ ನಿಮಗೆ?"

"ಹೇಳ್ದೆ ಸರ್..." ಅಮ್ರೀನ್‌ಳ ಕಣ್ಣು ತುಂಬಿತು.

"ಸುಳ್ ಹೇಳ್ಬೇಡಿ. ಇವತ್ತು ಹೊರಡಿ."

ಅಮ್ರೀನ್ ಹೋದಳು. ರೇಂಜ್ ಖಾಲಿಯಾಗುವ ತನಕ ಚೈತ್ರ ಕಾದಳು. ಆಮೇಲೆ ಅವನೆದುರು ನಿಂತಳು.

"ಅವಳು ಹೇಳಿದ್ಲು. ಜೋರಾಗೇ ಕೂಗಿದ್ಲು. ನಿಮಗೆ ಕೇಳಿಸ್ಲಿಲ್ಲ. ನಿಮ್ ಎಡಗಿವಿ ಕೇಳಲ್ಲ."

"ಯಾವಾಗಿಂದ ಗೊತ್ತು?"

"ಆ ನೀಲಿ ರೈಫಲ್ ಬೇಡ ಅಂದ್ರಲ್ಲ, ಆವತ್ತಿಂದ."

"ಓಹೋ." ಅವನ ದನಿ ಒಣಗಿತ್ತು. "ಅಂದ್ರೆ ಇಷ್ಟು ದಿನ ನೀವ್ ನನ್ ಪಕ್ಕ ಕೂತಿದ್ದು, ಪೇಷಂಟ್ ನೋಡೋಕಾ?"

"ಹಂಗಲ್ಲ..."

"ಗೊತ್ತಿದ್ದೂ ಯಾಕ್ ಹೇಳ್ಲಿಲ್ಲ?"

ಹೇಳಿದ್ದರೆ ಅಮ್ರೀನ್ ಇವತ್ತು ಆ ಗೆರೆಯಾಚೆ ಹಾಗೆ ನಿಲ್ಲುತ್ತಿರಲಿಲ್ಲ. ಅವನ ಮನಸ್ಸು ನೋಯದಿರಲಿ ಎಂದು ತಾನೂ ಸುಮ್ಮನಿದ್ದೆನಲ್ಲ ಎಂಬುದು ಆಗ ಅವಳಿಗೆ ಚುಚ್ಚಿತು. "ಹೇಳ್ಬೇಕಿತ್ತು," ಎಂದಳು. "ನನ್ ತಪ್ಪೂ ಇದೆ. ಆದ್ರೆ ಅಮ್ರೀನ್‌ದು ಇಲ್ಲ."

ಮುಂದಿನ ಭಾನುವಾರ ಚೈತ್ರ ರೇಂಜಿಗೆ ಹೋಗಲಿಲ್ಲ. ಮಧ್ಯಾಹ್ನ ಅಮ್ರೀನ್ ಫೋನ್ ಮಾಡಿದಳು.

"ಏನಾಯ್ತು ಗೊತ್ತಾ? ನನ್ನ ಕರೆಸಿ, ಎಲ್ಲರ ಮುಂದೆ ನಿಲ್ಸಿ, ಸಾರಿ ಕೇಳಿದ್ರು ಕಣೆ. ನನ್ನ ಎಡಗಿವಿ ಕೇಳಲ್ಲ, ಕೆಲಸ ಹೋಗುತ್ತೆ ಅಂತ ಮುಚ್ಚಿಟ್ಟಿದ್ದೆ, ಅದು ದೊಡ್ಡ ತಪ್ಪು ಅಂದ್ರು. ವಿಸಿಲ್ ತೆಗ್ದು ಸೆಕ್ರೆಟರಿ ಕೈಗೆ ಕೊಟ್ಬಿಟ್ರು. ನಂಗೇ ಅಳು ಬಂತು."

"ಕೆಲಸ?"

"ಕಮಿಟಿಯವ್ರು ಇರಿ ಅಂದಿದಾರೆ. ಕೋಚಿಂಗು, ರಿಪೇರಿ ಎಲ್ಲ ಅವ್ರೇ. ಆಜ್ಞೆ ಕೊಡೋದ್ ಮಾತ್ರ ಬೇರೆಯವ್ರು." ಒಂದು ಕ್ಷಣ ಬಿಟ್ಟು ಅಮ್ರೀನ್ ಸೇರಿಸಿದಳು, "ಬಲಗಡೆ ಕುರ್ಚಿ ಖಾಲಿ ಇತ್ತು. ಎರಡ್ ಸಲ ನೋಡಿದ್ರು."

ಬುಧವಾರ ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ತೆರೆಯುವಷ್ಟರಲ್ಲಿ ಮಹೇಂದ್ರ ಬೆಂಚಿನ ಮೇಲೆ ಕುಳಿತಿದ್ದ. ಇಸ್ತ್ರಿ ಮಾಡಿದ ಅಂಗಿ. ಕೈಯಲ್ಲೊಂದು ಕಾಗದದ ಸುರುಳಿ.

"ಅಪಾಯಿಂಟ್‌ಮೆಂಟ್ ಇಲ್ಲ," ಎಂದ. "ನೋಡ್ತೀರಾ?"

ಅವನನ್ನು ಸದ್ದಿಲ್ಲದ ಗಾಜಿನ ಕೋಣೆಯೊಳಗೆ ಕೂರಿಸಿ ಚೈತ್ರ ಹೆಡ್‌ಫೋನ್ ಹಾಕಿದಳು. ಅವನ ಕಿವಿಯ ಹಿಂದಿನ ನರೆಗೂದಲು ಬೆರಳಿಗೆ ತಾಗಿತು. ಇಬ್ಬರೂ ಗೋಡೆ ನೋಡಿದರು. ಹೊರಗೆ ಬಂದು ಅವಳು ಯಂತ್ರದ ಮುಂದೆ ಕುಳಿತಳು. ಬಲಗಿವಿ ಚೆನ್ನಾಗಿತ್ತು. ಎಡಗಿವಿಯ ಗೆರೆ ಬಾವಿಗೆ ಬಿದ್ದಂತೆ ಕೆಳಗಿಳಿದಿತ್ತು, ಆದರೂ ಪೂರ್ತಿ ಹೋಗಿರಲಿಲ್ಲ. ಶ್ರವಣಯಂತ್ರ ಹಾಕಿದರೆ ತಕ್ಕಮಟ್ಟಿಗೆ ಕೇಳಿಸಬಹುದಿತ್ತು. ಕೊನೆಗೆ ಎಡಗಿವಿಗೆ ಮಾತಿನ ಪರೀಕ್ಷೆ. ಕಾಗದದಿಂದ ಬಾಯಿ ಮರೆಮಾಡಿಕೊಂಡು ಮೈಕಿನಲ್ಲಿ ಒಂದೊಂದೇ ಪದ ಹೇಳಬೇಕು, ಅವನು ಕೇಳಿಸಿದ್ದನ್ನು ಹೇಳಬೇಕು.

"ಮನೆ."

"ಮನೆ."

"ಹಾಲು."

"ಸಾಲು."

"ಬೆರಳು."

"ಬೆರಳು."

ಪಟ್ಟಿ ಮುಗಿಯಿತು. ಚೈತ್ರ ಯಂತ್ರದಲ್ಲಿ ಬಲಗಿವಿಯ ಗುಂಡಿ ಒತ್ತಿದಳು. "ಮುಂದಿನ ಸಲದಿಂದ ನಿಮ್ಮನ್ನ ನನ್ ಸಹೋದ್ಯೋಗಿ ಸ್ನೇಹಾ ನೋಡ್ಕೋತಾರೆ."

"ಮುಂದಿನ ಸಲದಿಂದ ನಿಮ್ಮನ್ನ ನನ್ ಸಹೋದ್ಯೋಗಿ..." ಅವನು ಶಿಸ್ತಿನಿಂದ ಒಪ್ಪಿಸತೊಡಗಿ, ಥಟ್ಟನೆ ನಿಲ್ಲಿಸಿದ. ಗಾಜಿನಾಚೆ ಅವನ ಮುಖ ಸಣ್ಣದಾಯಿತು. "ಯಾಕೆ?"

ಅವಳು ಕಾಗದ ಕೆಳಗಿಟ್ಟಳು.

"ಯಾಕಂದ್ರೆ ನಂಗೆ ನೀವು ಇಷ್ಟ. ಇಷ್ಟಪಟ್ಟವರನ್ನ ಪೇಷಂಟ್ ಅಂತ ನೋಡೋಕೆ ನಂಗೆ ಬರಲ್ಲ. ಯಾವತ್ತೂ ಹಂಗ್ ನೋಡಿಲ್ಲ."

ಕೋಣೆಯೊಳಗೆ ನಿಧಾನವಾಗಿ, ಅವನ ಮೀಸೆಯ ಕೆಳಗೆ, ತಡೆಯಲಾಗದ ಒಂದು ನಗು ಹರಡಿತು.

"ಸರಿಯಾಗ್ ಕೇಳಿಸ್ಲಿಲ್ಲ ಡಾಕ್ಟ್ರೇ. ಇನ್ನೊಂದ್ಸಲ ಹೇಳಿ."

"ಸುಳ್ಳು! ಬಲಗಿವಿ ನೂರಕ್ಕೆ ನೂರು ಇದೆ."

"ಅದಕ್ಕೇ ಇನ್ನೊಂದ್ಸಲ ಕೇಳ್ಬೇಕು."

ಅವಳು ಹೇಳಲಿಲ್ಲ. ಎದ್ದು ಹೋಗಿ ಕೋಣೆಯ ದಪ್ಪ ಬಾಗಿಲು ತೆರೆದಳು. ಅವನು ಹೆಡ್‌ಫೋನ್ ತೆಗೆದು, ಸುರುಳಿ ಸುತ್ತಿದ್ದ ಕಾಗದಗಳನ್ನು ಅವಳ ಕೈಗಿಟ್ಟ. ಮೂರು ರೈಫಲ್, ನಾಲ್ಕು ಬಗೆ ಗುಂಡು, ಹನ್ನೆರಡು ಗುರಿಗಳು. ಶೇಖರಪ್ಪನವರ ರೈಫಲಿನ ಕಾಗದದಲ್ಲಿ ಐದು ತೂತುಗಳೂ ಸೇರಿ ಒಂದೇ ಆಗಿದ್ದವು, ಅಂಗಿಯ ಗುಂಡಿಯಷ್ಟಗಲ.

"ಮುಂಚೇನೇ ಕೊಡ್ಬೇಕಿತ್ತು," ಎಂದ. "ಕೊಟ್ರೆ ನೀವು ರೈಫಲ್ ತಗೊಂಡ್ ಬಿಡ್ತೀರ, ಆಮೇಲೆ ನನ್ನನ್ನ ಏನಕ್ಕೆ ಕೇಳ್ತೀರ ಅನ್ನಿಸ್ತು."

ಚೈತ್ರ ನಕ್ಕಳು. ಕಣ್ಣು ಒದ್ದೆಯಾಯಿತು.

ಕಾಗದಪತ್ರ ಮುಗಿದು, ಲೈಸೆನ್ಸಿನಲ್ಲಿ ರೈಫಲಿನ ನಂಬರ್ ಬೀಳುವ ಹೊತ್ತಿಗೆ ಆರು ವಾರವಾಯಿತು. ಅಷ್ಟರಲ್ಲಿ ಸ್ನೇಹಾ ಮಹೇಂದ್ರನ ಎಡಗಿವಿಗೆ ಬೂದುಬಣ್ಣದ ಪುಟ್ಟ ಯಂತ್ರ ಹಾಕಿದ್ದಳು. ಮೊದಲ ದಿನ ಅವನು ಫ್ಯಾನಿನ ಸದ್ದಿಗೂ ಬೆಚ್ಚಿದನಂತೆ. ಶೇಖರಪ್ಪನವರು ತಮ್ಮ ರೈಫಲನ್ನು ಕೊನೆಯ ಸಲ ನೇವರಿಸಿ, "ತೇವ ತಾಗ್ದಂಗೆ ಇಡಮ್ಮ, ಸುಳ್ಳು ಹೇಳಲ್ಲ ಇದು," ಎಂದು ಹರಸಿದರು. ಮರದ ಹಿಡಿ ಅವಳಿಗೆ ಒಂದಿಂಚು ಉದ್ದವಿತ್ತು. ಮಹೇಂದ್ರ ಅದರ ಹಿಂಬದಿಯಲ್ಲಿ ಉದ್ದಕ್ಕೆಂದು ಸೇರಿಸಿದ್ದ ಬಿಲ್ಲೆಗಳನ್ನು ತೆಗೆದು, ಕೆನ್ನೆ ಕೂರುವ ಜಾಗವನ್ನು ಎರಡು ಸಂಜೆ ಉಜ್ಜಿ ಉಜ್ಜಿ ಸರಿಮಾಡಿದ್ದ.

ಆ ಭಾನುವಾರ ಚೈತ್ರ ಮಲಗಿ ಗುರಿ ಹಿಡಿದಳು. ಉಂಗುರದೊಳಗೆ ಉಂಗುರ ತಾನಾಗಿಯೇ ಬಂದು ನಿಂತಿತು. ಸೆಕ್ರೆಟರಿಯ ವಿಸಿಲ್. ಉಸಿರು. ಹತ್ತು ಗುಂಡುಗಳು, ಒಂದೊಂದಕ್ಕೂ ಬೋಲ್ಟಿನ ನುಣುಪಾದ ಎಳೆತ. ಮುಗಿದ ಮೇಲೆ ಬೋಲ್ಟ್ ತೆರೆದಿಟ್ಟು, ಸದ್ದು ತಡೆಯುವ ಇಯರ್‌ಮಫ್ ತೆಗೆದಳು. ಮಹೇಂದ್ರ ದೂರದರ್ಶಕ ಬಿಟ್ಟು ಅವಳ ಪಕ್ಕ ಬಂದು ಕುಳಿತ.

"ಹತ್ತರಲ್ಲಿ ಎಂಟು ಮಧ್ಯಕ್ಕೆ. ಎರಡು ಸ್ವಲ್ಪ ಎಡಕ್ಕೆ."

"ಗಾಳಿ," ಎಂದಳು.

"ಗಾಳಿ ಇರ್ಲಿಲ್ಲ."

"ಹಂಗಾದ್ರೆ ನೀವ್ ನೋಡ್ತಿದ್ರಲ್ಲ, ಅದಕ್ಕೆ."

ಅವನು ಇಯರ್‌ಮಫ್‌ಗಾಗಿ ಬಿಚ್ಚಿಟ್ಟಿದ್ದ ಯಂತ್ರವನ್ನು ಜೇಬಿನಿಂದ ತೆಗೆದು ಕಿವಿಗೆ ಹಾಕಿಕೊಂಡ.

"ಚೈತ್ರ, ನಿಮ್ಮಜ್ಜಿನ ಮಾತಾಡ್ಸೋಕೆ ಬರ್ಬೇಕು ಅಂತಿದೀನಿ. ಯಾವಾಗ ಬರ್ಲಿ?"

"ಏನಂತ ಮಾತಾಡ್ಸ್ತೀರ?"

"ನಿಮ್ ಮೊಮ್ಮಗಳನ್ನ ಮದುವೆ ಆಗ್ಬೇಕು ಅಂತ."

ಅವಳು ರೈಫಲನ್ನು ನಿಧಾನವಾಗಿ ಪೆಟ್ಟಿಗೆಗೆ ಇಳಿಸಿ ಮುಚ್ಚಳ ಹಾಕಿದಳು. ಮೂರು ನಿಮಿಷವೂ ಬೇಕಾಗಲಿಲ್ಲ.

"ಶನಿವಾರ ಬನ್ನಿ," ಎಂದಳು. "ಭಾನುವಾರ ನಮ್ಮಿಬ್ರಿಗೂ ಪ್ರಾಕ್ಟೀಸ್ ಇದೆ."